ಪುಣೆಯಲ್ಲಿ ಸಾಮಾನು ತರಲು ಕಾರಿನಲ್ಲಿ ಹೋಗುವವರಿಗೆ: ಪಾರ್ಕಿಂಗ್ ಚೀಟಿ, ಗಡುವು, ದಂಡದ ಲೆಕ್ಕ

ದೀಪಾವಳಿ ಮುಂಚಿನ ಶನಿವಾರ. ಬಾಣೇರ್ ಕಡೆಯ ಒಂದು ದೊಡ್ಡ ಅಂಗಡಿಗೆ ಮನೆ ಸಾಮಾನು ತರಲು ಹೋಗಿದ್ದೆವು. ಹೆಸರು ಬೇಡ. ಬೇಸ್‌ಮೆಂಟಿಗೆ ಇಳಿಯುವಾಗ ಗೇಟಿನಲ್ಲಿ ಚೀಟಿ ಕೊಟ್ಟರು, ಅದರ ಮೇಲೆ ಸಂಜೆ 6.10 ಅಂತ ಇತ್ತು. ಬಿಲ್ ತೋರಿಸಿದರೆ ಎರಡು ಗಂಟೆ ಪಾರ್ಕಿಂಗ್ ಉಚಿತ ಅಂತ ಬೋರ್ಡು. ಎರಡು ಗಂಟೆ ಧಾರಾಳ ಆಯ್ತಲ್ಲ ಅಂತ ನಾವೂ ಆರಾಮಾಗಿ ಓಡಾಡಿದೆವು. ರವೆ, ಬೆಲ್ಲ, ಜೋಳದ ಹಿಟ್ಟು, ಜೊತೆಗೆ ಚಕ್ಕುಲಿ ಒರಳು ಎಲ್ಲಾದರೂ ಸಿಗುತ್ತಾ ಅಂತ ಹುಡುಕಾಟ. ಬಿಲ್ಲಿಂಗ್ ಸಾಲಿಗೆ ಬಂದು ನಿಂತಾಗ 7.25. ಮುಂದೆ ಹನ್ನೊಂದು ಟ್ರಾಲಿ. ಬಿಲ್ ಕೈಗೆ ಬಂದಾಗ 8.04. ಆಮೇಲೆ ಲಿಫ್ಟಿಗೆ ಕಾದು, ಡಿಕ್ಕಿಗೆ ಸಾಮಾನು ತುಂಬಿ, ಮೇಲೆ ಹತ್ತುವ ಇಳಿಜಾರಿನಲ್ಲಿ ಹತ್ತು ಗಾಡಿಗಳ ಹಿಂದೆ ಕ್ಲಚ್ ಒತ್ತಿ ಒತ್ತಿ ಗೇಟು ಮುಟ್ಟುವಷ್ಟರಲ್ಲಿ 8.22 ಆಗಿತ್ತು.

"12 ನಿಮಿಷ ಜಾಸ್ತಿ ಆಗಿದೆ, 150 ರೂಪಾಯಿ ದಂಡ" ಅಂದ ಗೇಟಿನ ಹುಡುಗ. ನನ್ನ ಮರಾಠಿ ಜಗಳ ಆಡುವ ಮಟ್ಟದ್ದಲ್ಲ. ಹಿಂದೆ ಸಾಲಾಗಿ ಹಾರ್ನ್ ಬೇರೆ. ಸುಮ್ನೆ ಕೊಟ್ಟು ಬಂದೆ. ಮನೆಗೆ ಬಂದು ರಸೀದಿ ನೋಡಿದರೆ ಅದರಲ್ಲಿ ದಂಡ ಅನ್ನುವ ಪದವೇ ಇಲ್ಲ. ಪಾರ್ಕಿಂಗ್ ಶುಲ್ಕ, ಅಷ್ಟೇ. ಗೇಟಿನಲ್ಲಿ ದಂಡ, ಕಾಗದದಲ್ಲಿ ಶುಲ್ಕ.

ಆ ಎರಡು ಪದಗಳ ನಡುವಿನ ವ್ಯತ್ಯಾಸ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಆದ್ದರಿಂದ ಮೊದಲು ಅದನ್ನೇ ಹೇಳುತ್ತೇನೆ.

ಯಾರು ಕೇಳುತ್ತಿದ್ದಾರೆ?

ಪಾರ್ಕಿಂಗ್ ಹೆಸರಿನಲ್ಲಿ ನಿಮ್ಮ ಹತ್ತಿರ ಎರಡು ಬಗೆಯ ದುಡ್ಡು ಕೇಳುತ್ತಾರೆ. ಒಂದು, ಅಂಗಡಿಯವರೋ ಮಾಲಿನವರೋ ಅವರು ಇಟ್ಟ ಪಾರ್ಕಿಂಗ್ ಗುತ್ತಿಗೆದಾರರೋ ಕೇಳುವುದು. ಇದು ನಿಮಗೂ ಅವರಿಗೂ ನಡುವಿನ ವ್ಯವಹಾರ. ಬೋರ್ಡಿನಲ್ಲಿ ದರ ಬರೆದಿದ್ದಾರೆ, ನೀವು ನೋಡಿ ಒಳಗೆ ಹೋಗಿದ್ದೀರಿ, ಹಾಗಾಗಿ ಕೊಡಬೇಕು ಅನ್ನುವುದು ಅವರ ವಾದ. ಇನ್ನೊಂದು, ಟ್ರಾಫಿಕ್ ಪೊಲೀಸರು ಹಾಕುವ ಚಲನ್. ಇದು ಮೋಟಾರು ವಾಹನ ಕಾಯ್ದೆಯ ಕೆಳಗೆ ಬರುವ ನಿಜವಾದ ದಂಡ, ನಿಮ್ಮ ಗಾಡಿ ನಂಬರಿಗೆ ಅಂಟಿಕೊಂಡು ಕೂರುತ್ತದೆ.

ಸೆಕ್ಯುರಿಟಿಯವನ ಎದೆ ಮೇಲೆ ಬಿಲ್ಲೆ ಇದ್ದ ಮಾತ್ರಕ್ಕೆ ಅವನು ಪೊಲೀಸ್ ಆಗುವುದಿಲ್ಲ. ಅವನು ಚಲನ್ ಹಾಕಲಾರ. ಬೋರ್ಡಿನಲ್ಲಿ ಬರೆದ ಶುಲ್ಕ ಕೇಳಬಹುದು, ಅಷ್ಟೇ. ಬೋರ್ಡಿನಲ್ಲಿ ಇಲ್ಲದ ಮೊತ್ತ ಕೇಳಿದರೆ ನೀವು ಕೇಳಬೇಕಾದ್ದು ಒಂದೇ ಮಾತು: "ಹೇ ಕುಠೇ ಲಿಹಿಲಂಯ್?" ಇದು ಎಲ್ಲಿ ಬರೆದಿದೆ ಅಂತ. ಈ ಮೂರು ಪದ ಬಾಯಿಪಾಠ ಮಾಡಿಕೊಳ್ಳಿ. ಪುಣೆಯಲ್ಲಿ ನನಗೆ ತುಂಬಾ ಉಪಯೋಗಕ್ಕೆ ಬಂದ ಮರಾಠಿ ಇದು. ಎರಡನೆಯದು "ಪಾವತಿ ದ್ಯಾ", ರಸೀದಿ ಕೊಡಿ ಅಂತ.

ಒಳಗೆ ಹೋಗುವಾಗ

ನಾನು ಈಗ ಹೋಗುವ ಅಂಗಡಿಯ ಗೇಟಿನಲ್ಲಿ ಯಾದಗಿರಿ ಕಡೆಯ ಒಬ್ಬ ಕಾಕಾ ಇದ್ದಾರೆ. ನಾನು ಫೋನಿನಲ್ಲಿ ಕನ್ನಡ ಮಾತಾಡುವುದು ಕೇಳಿ "ಯಾವ ಊರ್ರೀ ಸರ?" ಅಂದರು. ಧಾರವಾಡ ಅಂದೆ. ಅವತ್ತಿನಿಂದ ಪರಿಚಯ. ಅವರು ಹೇಳಿದ ಮಾತು ಇಲ್ಲಿ ಹಾಗೇ ಬರೆಯುತ್ತೇನೆ: "ಚೀಟಿ ಮ್ಯಾಲಿನ ಟೈಮ ನೋಡ್ಕೊಂಡ ಒಳಗ ಹೋಗ್ರಿ ಸರ. ಎಲ್ಲಾರೂ ಹೊರಗ ಬರೂಮುಂದ ನೋಡ್ತಾರ, ಆಮ್ಯಾಲ ನನಗ ಬೈತಾರ."

ಚೀಟಿ ಕೈಗೆ ಬಂದ ಕೂಡಲೇ ನಿಮ್ಮ ಫೋನಿನ ಗಡಿಯಾರಕ್ಕೆ ಹೋಲಿಸಿ. ಯಂತ್ರದ ಗಡಿಯಾರ ಐದಾರು ನಿಮಿಷ ಮುಂದೆ ಓಡುವುದನ್ನು ನಾನೇ ಕಂಡಿದ್ದೇನೆ. ವ್ಯತ್ಯಾಸ ಇದ್ದರೆ ಅಲ್ಲೇ ಹೇಳಿ, ಪೆನ್ನಿನಲ್ಲಿ ತಿದ್ದಿಸಿಕೊಳ್ಳಿ. ಹೊರಗೆ ಬರುವಾಗ ಹೇಳಿದರೆ ಯಾರೂ ನಂಬುವುದಿಲ್ಲ.

ಆಮೇಲೆ ಮೂರು ಫೋಟೋ ತೆಗೆಯಿರಿ: ಚೀಟಿಯದು, ದರದ ಬೋರ್ಡಿನದು, ಗಾಡಿ ನಿಲ್ಲಿಸಿದ ಕಂಬದ ನಂಬರಿನದು. ಅತಿಯಾಯ್ತು ಅನ್ನಿಸಬಹುದು. ಆದರೆ ಚೀಟಿ ಕಳೆದರೆ ಅದಕ್ಕೇ ಬೇರೆ ದರ ಇರುತ್ತದೆ, ಅದು ಇಡೀ ದಿನದ ಶುಲ್ಕಕ್ಕಿಂತ ಜಾಸ್ತಿಯೂ ಇರಬಹುದು. ಫೋಟೋ ಇದ್ದರೆ ಒಳಗೆ ಬಂದ ಸಮಯಕ್ಕೆ ಸಾಕ್ಷಿ ಸಿಕ್ಕ ಹಾಗಾಯ್ತು. ಚೀಟಿ ಕಳೆದವರ ಗಾಡಿ ಬಿಡುವ ಮುಂಚೆ ಆರ್‌ಸಿ ಕೇಳುತ್ತಾರೆ, ಅದು ತಪ್ಪಲ್ಲ, ಗಾಡಿ ನಿಮ್ಮದೇ ಅಂತ ಅವರಿಗೂ ಗೊತ್ತಾಗಬೇಕಲ್ಲ. ಡಿಜಿಲಾಕರ್‌ನಲ್ಲಿ ಇರುವ ಆರ್‌ಸಿ ತೋರಿಸಿದರೆ ಸಾಕು. ಆದರೆ ಬೇಸ್‌ಮೆಂಟಿನಲ್ಲಿ ನೆಟ್‌ವರ್ಕ್ ಇರುವುದಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಚೀಟಿಯನ್ನು ಸ್ಟೀರಿಂಗ್ ಮುಂದೆ ಗಾಜಿನ ಕೆಳಗೆ ಮಾತ್ರ ಇಡಬೇಡಿ. ಅದು ಬಿಸಿ ತಾಗಿದರೆ ಕಪ್ಪಾಗುವ ಕಾಗದ, ಅಕ್ಷರ ಮೂಡುವುದೇ ಬಿಸಿಯಿಂದ. ಏಪ್ರಿಲ್ ತಿಂಗಳಲ್ಲಿ ತೆರೆದ ಜಾಗದಲ್ಲಿ ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಬಂದು ನೋಡಿದರೆ ನನ್ನ ಚೀಟಿ ಹೆಂಚಿನ ಮೇಲೆ ಮರೆತ ರೊಟ್ಟಿ ಥರ ಆಗಿತ್ತು. ಒಂದಕ್ಷರ ಕಾಣುತ್ತಿರಲಿಲ್ಲ. ಅಂಗಡಿ ಬಿಲ್ಲೂ ಇದೇ ಕಾಗದ. ಪರ್ಸಿನಲ್ಲಿ ಇಟ್ಟುಕೊಳ್ಳಿ.

ಬೋರ್ಡಿನಲ್ಲಿ ಏನು ಓದಬೇಕು? ಉಚಿತ ಅನ್ನುವುದು ದೊಡ್ಡದಾಗಿ ಇರುತ್ತದೆ, ಅದನ್ನು ಓದದಿದ್ದರೂ ನಡೆಯುತ್ತದೆ. ಕೆಳಗಿನ ಸಣ್ಣ ಅಕ್ಷರ ಓದಿ. ಕನಿಷ್ಠ ಎಷ್ಟು ರೂಪಾಯಿ ಬಿಲ್ ಆಗಬೇಕು, ಬಿಲ್ ಅದೇ ದಿನದ್ದೇ ಆಗಬೇಕಾ, ಎರಡು ಬಿಲ್ ಸೇರಿಸಿ ತೋರಿಸಬಹುದಾ, ಗಡುವು ಮುಗಿದರೆ ಗಂಟೆ ಲೆಕ್ಕವೋ ಒಂದೇ ಮೊತ್ತವೋ. ಮುಖ್ಯವಾದ್ದು ಇನ್ನೊಂದಿದೆ. ಗಡುವು ಮೀರಿದರೆ ಮೀರಿದ ಹೊತ್ತಿಗೆ ಮಾತ್ರ ದುಡ್ಡೋ, ಅಥವಾ ಮೊದಲ ನಿಮಿಷದಿಂದ ಲೆಕ್ಕ ಹಾಕುತ್ತಾರೋ? ಎರಡೂ ಬಗೆ ಇದೆ. ಎರಡನೆಯದಾದರೆ 5 ನಿಮಿಷ ತಡವಾದರೂ ಮೂರು ಗಂಟೆಯ ದುಡ್ಡು ಹೋಗುತ್ತದೆ.

ಗಡಿಯಾರದ ಲೆಕ್ಕ

ಎಲ್ಲರೂ ತಪ್ಪುವುದು ಇಲ್ಲೇ. ಎರಡು ಗಂಟೆ ಅಂದರೆ ಅಂಗಡಿಯೊಳಗೆ ಎರಡು ಗಂಟೆ ಅಂತ ತಿಳಿದಿರುತ್ತೇವೆ. ಅಲ್ಲ. ಗೇಟಿನಿಂದ ಗೇಟಿಗೆ ಎರಡು ಗಂಟೆ. ಜಾಗ ಹುಡುಕುವ ಹೊತ್ತು, ಲಿಫ್ಟಿನ ಹೊತ್ತು, ಬಿಲ್ಲಿನ ಸಾಲು, ಇಳಿಜಾರಿನ ಸಾಲು ಎಲ್ಲಾ ಅದರಲ್ಲೇ. ಹಬ್ಬದ ವಾರದಲ್ಲಿ ಇವೆಲ್ಲಾ ಸೇರಿ ಒಂದು ಗಂಟೆ ಮೀರುತ್ತದೆ. ಉಳಿದ ಒಂದು ಗಂಟೆ ನಿಮ್ಮದು.

ನಾನು ಮಾಡುವುದು ಇಷ್ಟು. ಒಳಗೆ ಬಂದ ಕೂಡಲೇ ಫೋನಿನಲ್ಲಿ 60 ನಿಮಿಷಕ್ಕೆ ಅಲಾರಂ ಇಡುತ್ತೇನೆ. ಅದು ಹೊಡೆದಾಗ ಮನೆಯವಳು ಟ್ರಾಲಿ ಸಮೇತ ಸಾಲಿಗೆ ನಿಲ್ಲುತ್ತಾಳೆ, ನಾನು ಉಳಿದ ನಾಲ್ಕು ಸಾಮಾನು ಹೆಕ್ಕಿಕೊಂಡು ಬರುತ್ತೇನೆ. ಹಿಂದಿನವರು ಗುರಾಯಿಸುತ್ತಾರೆ, ಪರವಾಗಿಲ್ಲ. ಒಬ್ಬರೇ ಹೋಗಿದ್ದರೆ ತರಕಾರಿ ಕೊನೆಗೆ ಬಿಡಬೇಡಿ. ಅದನ್ನು ತೂಕ ಮಾಡಿಸಿ ಚೀಟಿ ಅಂಟಿಸಲು ಬೇರೆಯೇ ಒಂದು ಸಾಲು ಇರುತ್ತದೆ, ಅದು ಮರೆತುಹೋಗಿ ಬಿಲ್ಲಿಂಗ್ ಕೌಂಟರಿಗೆ ಬಂದು ಮತ್ತೆ ವಾಪಸ್ ಓಡುವವರನ್ನು ಪ್ರತಿ ವಾರ ನೋಡುತ್ತೇನೆ.

ದಿನ ಆರಿಸುವ ಅವಕಾಶ ಇದ್ದರೆ ತಿಂಗಳ ಮೊದಲ ವಾರದ ಶನಿವಾರ ಭಾನುವಾರ ಬಿಟ್ಟುಬಿಡಿ. ಐಟಿ ಕಂಪನಿಗಳ ಹಿಂಜೆವಾಡಿ ಸಂಬಳ ಪಡೆದು ಇಡಿಯಾಗಿ ಅಲ್ಲೇ ಇರುತ್ತದೆ.

ಸಾಲು ಉದ್ದ ಇದೆ, ಗಡುವು ಮೀರುವುದು ಖಚಿತ ಅನ್ನಿಸಿದರೆ? ಗೇಟಿನವರೆಗೆ ಕಾಯಬೇಡಿ. ಕಸ್ಟಮರ್ ಸರ್ವಿಸ್ ಮೇಜಿಗೆ ಹೋಗಿ ಚೀಟಿ ತೋರಿಸಿ, "ನಿಮ್ಮ ಕೌಂಟರಿನಲ್ಲೇ 40 ನಿಮಿಷ ಆಯ್ತು, ಇದರ ಮೇಲೆ ಒಂದು ಸೀಲ್ ಹಾಕಿ ಕೊಡಿ" ಅನ್ನಿ. ಹತ್ತರಲ್ಲಿ ಏಳು ಸಲ ಕೊಡುತ್ತಾರೆ. ಅವರಿಗೆ ಸಾವಿರಗಟ್ಟಲೆ ಬಿಲ್ ಮಾಡುವ ಗಿರಾಕಿ ಮುಖ್ಯ. ಗೇಟಿನ ಹುಡುಗ ಬೇರೆ ಗುತ್ತಿಗೆದಾರನ ಕಡೆಯವನು, ಅವನಿಗೆ ಯಂತ್ರ ತೋರಿಸಿದ್ದೇ ವೇದ, ಕಡಿಮೆ ಮಾಡುವ ಅಧಿಕಾರವೂ ಇಲ್ಲ. ಅವನ ಮೇಲೆ ಕೂಗಾಡಿದರೆ ಗಂಟಲು ನೋವೇ ಲಾಭ. ದೀಪಾವಳಿ ಶನಿವಾರ ನಾನು ಮಾಡಿದ ತಪ್ಪು ಇದೇ. ಸೀಲ್ ಹಾಕಿಸಬೇಕಾದ ಕಡೆ ಬಿಟ್ಟು ಸೀದಾ ಗೇಟಿಗೆ ಬಂದೆ.

ಕೆಲವು ಕಡೆ ಮೇಲಿನ ಮಹಡಿಯಲ್ಲೇ ಪಾರ್ಕಿಂಗ್ ದುಡ್ಡು ಕಟ್ಟುವ ಯಂತ್ರ ಇರುತ್ತದೆ. ಅಲ್ಲೇ ಕಟ್ಟಿ. ಕಟ್ಟಿದ ಮೇಲೆ ಹೊರಗೆ ಹೋಗಲು ಸ್ವಲ್ಪ ಹೊತ್ತು ಕೊಟ್ಟಿರುತ್ತಾರೆ, ಎಷ್ಟು ಅಂತ ರಸೀದಿಯಲ್ಲಿ ಇರುತ್ತದೆ, ಅದನ್ನು ನೋಡಿಕೊಳ್ಳಿ. ಕಟ್ಟಿದ ಮೇಲೆ ಐಸ್ ಕ್ರೀಂ ತಿನ್ನಲು ಕೂತರೆ ಎರಡನೇ ಸಲ ಕಟ್ಟಬೇಕಾಗುತ್ತದೆ. ನೆಲಮಾಳಿಗೆಯ ಗೇಟಿನಲ್ಲಿ ಯುಪಿಐ ನಂಬಬೇಡಿ. ಚಕ್ರ ತಿರುಗುತ್ತಲೇ ಇರುತ್ತದೆ, ಹಿಂದಿನವರು ಬೈಯುತ್ತಲೇ ಇರುತ್ತಾರೆ. ನೂರರ ಎರಡು ನೋಟು, ಒಂದಷ್ಟು ಚಿಲ್ಲರೆ ಗಾಡಿಯಲ್ಲೇ ಇರಲಿ. ಫಾಸ್ಟ್ಯಾಗ್‌ನಿಂದ ದುಡ್ಡು ತೆಗೆದುಕೊಳ್ಳುವ ಕಡೆ ನಗದೂ ಕೊಟ್ಟು ಬರಬೇಡಿ. ಎರಡೂ ಹೋಗಿದ್ದರೆ ಫಾಸ್ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಬೇಕು, ಆಗ ನಗದಿನ ರಸೀದಿ ಕೇಳುತ್ತಾರೆ.

ಮಾಲಿನಲ್ಲಿ ಪಾರ್ಕಿಂಗ್ ದುಡ್ಡು ತೆಗೆದುಕೊಳ್ಳುವುದೇ ತಪ್ಪಲ್ವಾ?

ನಮ್ಮ ಸೊಸೈಟಿ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆ ಈ ಚರ್ಚೆ ಎದ್ದೇ ಏಳುತ್ತದೆ. ಯಾರೋ ಒಬ್ಬರು ಹೈಕೋರ್ಟ್ ಆದೇಶ ಇದೆ, ಕೊಡಬೇಡಿ ಅಂತ ಹಾಕುತ್ತಾರೆ. ಅದು ಅರ್ಧ ಸತ್ಯ. 2019ರಲ್ಲಿ ಗುಜರಾತ್ ಹೈಕೋರ್ಟು ಮಾಲುಗಳು, ಮಲ್ಟಿಪ್ಲೆಕ್ಸ್‌ಗಳು ಪಾರ್ಕಿಂಗ್ ಶುಲ್ಕ ತೆಗೆದುಕೊಳ್ಳುವ ಹಾಗಿಲ್ಲ ಅಂದಿದ್ದು ನಿಜ. ಅದು ಆ ರಾಜ್ಯದ ಕಟ್ಟಡ ನಿಯಮಗಳ ಮೇಲೆ ನಿಂತ ತೀರ್ಪು. ಕೇರಳ ಹೈಕೋರ್ಟು ಇದಕ್ಕೆ ಉಲ್ಟಾ ಹೇಳಿದೆ, ಶುಲ್ಕ ತೆಗೆದುಕೊಳ್ಳುವುದು ಬಿಡುವುದು ಕಟ್ಟಡದ ಮಾಲೀಕರಿಗೆ ಬಿಟ್ಟದ್ದು ಅಂತ. ತೆಲಂಗಾಣ ಸರ್ಕಾರ 2018ರಲ್ಲಿ ಮಧ್ಯದ ದಾರಿ ಹಿಡಿಯಿತು: ಮೊದಲ 30 ನಿಮಿಷ ಎಲ್ಲರಿಗೂ ಉಚಿತ, ಅಲ್ಲಿಂದ ಒಂದು ಗಂಟೆವರೆಗೆ ಯಾವುದಾದರೂ ಬಿಲ್ ತೋರಿಸಿದರೆ ಉಚಿತ, ಒಂದು ಗಂಟೆ ದಾಟಿದರೆ ಬಿಲ್ ಮೊತ್ತ ಪಾರ್ಕಿಂಗ್ ಶುಲ್ಕಕ್ಕಿಂತ ಜಾಸ್ತಿ ಇರಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ನಿಯಮ. ಆದರೆ ಅದು ಹೈದರಾಬಾದಿನಲ್ಲಿ ನಡೆಯುತ್ತದೆ, ಪುಣೆಯ ಗೇಟಿನಲ್ಲಿ ನಿಂತು ಅದನ್ನು ಓದಿದರೆ ಯಾರೂ ಅಡ್ಡಕೋಲು ಎತ್ತುವುದಿಲ್ಲ.

ಲಂಡನ್ನಿನಲ್ಲಿರುವ ನನ್ನ ತಂಗಿಯ ಕಥೆ ಇನ್ನೂ ಬೇರೆ. ಅಲ್ಲಿ ಎಷ್ಟೋ ಸೂಪರ್‌ಮಾರ್ಕೆಟ್‌ಗಳ ಪಾರ್ಕಿಂಗ್‌ನಲ್ಲಿ ಗೇಟೂ ಇಲ್ಲ, ಚೀಟಿಯೂ ಇಲ್ಲ. ಕ್ಯಾಮರಾ ನಂಬರ್ ಪ್ಲೇಟು ಓದುತ್ತದೆ. ಗಡುವು ಮೀರಿದರೆ ಖಾಸಗಿ ಕಂಪನಿಯವರು ಸರ್ಕಾರದ ದಾಖಲೆಯಿಂದ ಗಾಡಿ ಮಾಲೀಕರ ವಿಳಾಸ ತೆಗೆದುಕೊಂಡು ಮನೆಗೇ ಕಾಗದ ಕಳಿಸುತ್ತಾರೆ. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಎರಡು ಗಂಟೆಯ ಉಚಿತ ಪಾರ್ಕಿಂಗ್‌ನಲ್ಲಿ 56 ನಿಮಿಷ ಜಾಸ್ತಿ ನಿಂತ ಒಬ್ಬರಿಗೆ ಹಾಕಿದ 85 ಪೌಂಡ್ ಸರಿ ಅಂತಲೇ ಹೇಳಿತು. 85 ಪೌಂಡ್! ನನ್ನ 150 ರೂಪಾಯಿ ನೋವು ಅವತ್ತು ಸ್ವಲ್ಪ ಕಡಿಮೆಯಾಯಿತು. ನಮ್ಮಲ್ಲಿ ಅಂಗಡಿಯವರು ಹೀಗೆ ಮನೆಗೆ ದಂಡದ ಕಾಗದ ಕಳಿಸುವ ಪದ್ಧತಿ ಇಲ್ಲ. ಗೇಟು ದಾಟಿದ ಮೇಲೆ ಅಂಗಡಿ ಹೆಸರಿನಲ್ಲಿ ಪಾರ್ಕಿಂಗ್ ದಂಡದ ಮೆಸೇಜ್ ಬಂದರೆ ಅದನ್ನು ಅನುಮಾನದಿಂದಲೇ ನೋಡಿ.

ಗಾಡಿಗೆ ಏನಾದರೂ ಆದರೆ

ಪ್ರತಿ ಚೀಟಿ ಹಿಂದೆ ಇರುತ್ತದೆ: ಗಾಡಿ ನಿಲ್ಲಿಸುವುದು ಮಾಲೀಕರ ಸ್ವಂತ ಜವಾಬ್ದಾರಿ ಅಂತ. ಇದು ಓದಿ ಎಷ್ಟೋ ಜನ ಕೈಬಿಡುತ್ತಾರೆ. ಆದರೆ ಕೀಲಿ ಯಾರ ಕೈಯಲ್ಲಿತ್ತು ಅನ್ನುವುದರ ಮೇಲೆ ತುಂಬಾ ನಿಂತಿದೆ. 1998ರಲ್ಲಿ ದೆಹಲಿಯ ಒಂದು ದೊಡ್ಡ ಹೋಟೆಲಿನಲ್ಲಿ ಕೀಲಿ ಕೊಟ್ಟು ನಿಲ್ಲಿಸಿದ್ದ ಮಾರುತಿ ಜೆನ್ ಕಳುವಾಯಿತು. ಆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಗಿ 2019ರ ನವೆಂಬರ್‌ನಲ್ಲಿ ತೀರ್ಪು ಬಂತು. ಕೀಲಿ ಪಡೆದು ಗಾಡಿ ಇಟ್ಟುಕೊಂಡ ಮೇಲೆ, ತಮ್ಮ ಕಡೆಯಿಂದ ಅಜಾಗರೂಕತೆ ಆಗಿದ್ದರೆ, ಚೀಟಿಯಲ್ಲಿ ಏನೇ ಅಚ್ಚು ಹಾಕಿಸಿದ್ದರೂ ಹೋಟೆಲಿನವರು ನುಣುಚಿಕೊಳ್ಳುವಂತಿಲ್ಲ ಅಂತ. ನೀವೇ ನಿಲ್ಲಿಸಿ ಕೀಲಿ ಜೇಬಿಗೆ ಹಾಕಿಕೊಂಡು ಹೋದರೆ ಇದೇ ತೀರ್ಪು ಹಾಗೇ ಅನ್ವಯಿಸುವುದಿಲ್ಲ. ಆದ್ದರಿಂದ ವ್ಯಾಲೆಗೆ, ಅಂದರೆ ಗಾಡಿ ನಿಲ್ಲಿಸಿಕೊಡುವವನಿಗೆ, ಕೀಲಿ ಕೊಡುವಾಗ ಗಾಡಿ ಸುತ್ತ ಒಂದು ವಿಡಿಯೋ ತೆಗೆದಿಡಿ. ಅರ್ಧ ನಿಮಿಷದ ಕೆಲಸ.

ಜಾಸ್ತಿ ದುಡ್ಡು ತೆಗೆದುಕೊಂಡಿದ್ದಾರೆ, ರಸೀದಿ ಕೊಟ್ಟಿಲ್ಲ, ಬೋರ್ಡಿನಲ್ಲಿ ಒಂದು ಗೇಟಿನಲ್ಲಿ ಇನ್ನೊಂದು ಅನ್ನುವ ಹಾಗಿದ್ದರೆ ಮೊದಲು ಅಂಗಡಿಯ ಕಸ್ಟಮರ್ ಕೇರ್‌ಗೆ ಫೋಟೋ ಸಮೇತ ಮೇಲ್ ಹಾಕಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಅದು ಉಚಿತ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ, ನೀವು ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. 150 ರೂಪಾಯಿಗೆ ಯಾರು ಹೋಗುತ್ತಾರೆ ಅನ್ನುತ್ತೀರಿ. ನಾನೂ ಹೋಗಲಿಲ್ಲ.

ಒಳಗೆ ಜಾಗ ಇಲ್ಲ ಅಂತ ರಸ್ತೆಯಲ್ಲಿ ನಿಲ್ಲಿಸಿದಾಗ

ಇಲ್ಲಿಂದ ಆಟ ಬೇರೆ. ಇಲ್ಲಿ ದಂಡ ಅಂದರೆ ನಿಜವಾಗಿಯೂ ದಂಡ.

ಪುಣೆಗೆ ಹೊಸಬರಿಗೆ ಮೊದಲು ತಲೆಕೆಡಿಸುವುದು ಪಿ1, ಪಿ2 ಬೋರ್ಡು. ಲಕ್ಷ್ಮಿ ರೋಡ್ ಸುತ್ತಮುತ್ತ, ಹಳೇ ಪೇಠಗಳಲ್ಲಿ ಇದನ್ನು ನೋಡುತ್ತೀರಿ. ಅರ್ಥ ಸುಲಭ. ಬೆಸ ತಾರೀಖಿಗೆ, ಅಂದರೆ 1, 3, 5ಕ್ಕೆ, ಪಿ1 ಬೋರ್ಡು ಇರುವ ಬದಿ ನಿಲ್ಲಿಸಬೇಕು. ಸಮ ತಾರೀಖಿಗೆ ಪಿ2 ಬದಿ. ಎದುರು ಬದಿ ಖಾಲಿ ಹೊಡೆಯುತ್ತಿದೆ, ಎಂಥಾ ಅದೃಷ್ಟ ಅಂತ ನಿಲ್ಲಿಸಬೇಡಿ. ಪುಣೆಯಲ್ಲಿ ಸಂಜೆ ಏಳಕ್ಕೆ ರಸ್ತೆ ಬದಿ ಜಾಗ ಖಾಲಿ ಇದೆ ಅಂದರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ. ಇನ್ನೊಂದು, 31ನೇ ತಾರೀಖೂ ಬೆಸ, ಮರುದಿನ 1ನೇ ತಾರೀಖೂ ಬೆಸ. ರಾತ್ರಿ ಬಿಟ್ಟು ಹೋಗುವವರು ಇದರಲ್ಲಿ ಎಡವುತ್ತಾರೆ.

ಬೋರ್ಡು ಇಲ್ಲದಿದ್ದರೂ ಫುಟ್‌ಪಾತ್ ಮೇಲೆ, ಬಸ್ ಸ್ಟಾಪ್ ಹತ್ತಿರ, ಚೌಕದ ಮೂಲೆಯಲ್ಲಿ, ಯಾರದೋ ಗೇಟಿನ ಮುಂದೆ, ನಿಂತ ಗಾಡಿ ಪಕ್ಕಕ್ಕೆ ಇನ್ನೊಂದು ಸಾಲಾಗಿ ನಿಲ್ಲಿಸುವುದು ತಪ್ಪೇ. ಮಹಾರಾಷ್ಟ್ರದಲ್ಲಿ 2021ರ ಡಿಸೆಂಬರ್‌ನಿಂದ ಹೊಸ ದಂಡದ ಪಟ್ಟಿ ಜಾರಿಯಲ್ಲಿದೆ. ನೋ ಪಾರ್ಕಿಂಗ್‌ನಂಥ ತಪ್ಪಿಗೆ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನ ಕೆಳಗೆ ಮೊದಲ ಸಲ 500 ರೂಪಾಯಿ, ಮತ್ತೆ ಮಾಡಿದರೆ 1,500. ಎರಡು ನಿಮಿಷ ಹಾಲು ತರಲು ಹೋಗಿದ್ದೆ ಅಂದರೆ ನಡೆಯುವುದಿಲ್ಲ. ಗಾಡಿಯಲ್ಲಿ ಯಾರಾದರೂ ಕೂತಿದ್ದರೆ ಪರವಾಗಿಲ್ಲ ಅನ್ನುವುದೂ ಬರೀ ನಂಬಿಕೆ.

ಗಾಡಿ ಎತ್ತಿಕೊಂಡು ಹೋದರೆ ದಂಡದ ಜೊತೆ ಎಳೆದುಕೊಂಡು ಹೋದ ಖರ್ಚೂ ನಿಮ್ಮದೇ. ಕಾಯ್ದೆಯ 127ನೇ ಕಲಮು ಹಾಗೆ ಹೇಳುತ್ತದೆ. ನಿಷೇಧ ಇರುವ ಜಾಗದಲ್ಲಿ ನಿಲ್ಲಿಸಿದ ಗಾಡಿಯನ್ನು, ಅಥವಾ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಇಲ್ಲದೆ ಬಿಟ್ಟ ಗಾಡಿಯನ್ನು ತೆಗೆಸಬಹುದು, ಚಕ್ರಕ್ಕೆ ಬೀಗವನ್ನೂ ಹಾಕಿಸಬಹುದು. ಆದರೆ ಅದಕ್ಕೆ ಹೇಳುವವರು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಯೇ ಆಗಬೇಕು. ಟೆಂಪೋದಿಂದ ನೆಗೆದು ಸ್ಕೂಟರ್ ಎತ್ತುವ ಹುಡುಗರು ಗುತ್ತಿಗೆದಾರನ ಕಡೆಯವರು. ಜೊತೆಗೆ ಪೊಲೀಸರು ಇದ್ದಾರಾ ನೋಡಿ. ಮೈಕಿನಲ್ಲಿ ಗಾಡಿ ನಂಬರ್ ಕೂಗುವುದು ಕೇಳಿಸಿದರೆ ಅರ್ಧ ಕಟ್ಟಿದ ಸೊಪ್ಪಿನ ಕಟ್ಟು ಅಲ್ಲೇ ಬಿಟ್ಟು ಓಡಿ. ಎತ್ತುವ ಮುಂಚೆ ತಲುಪಿದರೆ ಎಷ್ಟೋ ಸಲ ಚಲನ್ ಒಂದರಲ್ಲೇ ಮುಗಿಯುತ್ತದೆ.

ನಿಲ್ಲಿಸಿದ ಜಾಗದಲ್ಲಿ ಗಾಡಿ ಇಲ್ಲ ಅಂದರೆ ಕಳುವಾಯಿತು ಅಂತ ಎದೆ ಹೊಡೆದುಕೊಳ್ಳುವ ಮುಂಚೆ ಪಕ್ಕದ ಪಾನ್ ಅಂಗಡಿಯಲ್ಲಿ ಕೇಳಿ. "ಉಚಲಲೀ" ಅಂದರೆ ಎತ್ತಿಕೊಂಡು ಹೋದರು ಅಂತ. ಯಾವ ಟ್ರಾಫಿಕ್ ಚೌಕಿಗೆ ಹೋಯಿತು ಅನ್ನುವುದೂ ಅವರಿಗೇ ಗೊತ್ತಿರುತ್ತದೆ. ಇಲ್ಲೊಂದು ಗಮನಿಸಿ. ವಾಕಡ್, ಹಿಂಜೆವಾಡಿ, ಪಿಂಪಳೆ ಸೌದಾಗರ್ ಇವೆಲ್ಲಾ ಪುಣೆ ಪೊಲೀಸರಿಗೆ ಸೇರಿಲ್ಲ. ಪಿಂಪ್ರಿ ಚಿಂಚವಾಡಕ್ಕೆ 2018ರಿಂದ ಬೇರೆಯೇ ಪೊಲೀಸ್ ಆಯುಕ್ತಾಲಯ ಇದೆ. ವಾಕಡಿನಲ್ಲಿ ಎತ್ತಿದ ಗಾಡಿ ಹುಡುಕಿಕೊಂಡು ಪುಣೆಯ ಶಿವಾಜಿನಗರಕ್ಕೆ ಹೋದ ಗೆಳೆಯ ನನಗಿದ್ದಾನೆ. ರಿಕ್ಷಾ ಬಾಡಿಗೆ ದಂಡಕ್ಕೆ ಸಮ ಆಯಿತು.

ಮುಂಬೈಗೆ ಗಾಡಿ ತೆಗೆದುಕೊಂಡು ಹೋಗುವವರು ಇನ್ನೂ ಹುಷಾರಾಗಿರಿ. 2019ರ ಜುಲೈನಲ್ಲಿ ಅಲ್ಲಿನ ಪಾಲಿಕೆ, ತನ್ನ ಸಾರ್ವಜನಿಕ ಪಾರ್ಕಿಂಗ್ ಕಟ್ಟಡಗಳ ಹತ್ತಿರ ರಸ್ತೆಯಲ್ಲಿ ನಿಲ್ಲಿಸಿದವರಿಗೆ 10,000 ರೂಪಾಯಿ ಮಟ್ಟದ ದಂಡ ಶುರು ಮಾಡಿ ದೊಡ್ಡ ಗದ್ದಲವೇ ಆಗಿತ್ತು. ಪಾರ್ಕಿಂಗ್ ಕಟ್ಟಡದ ಬೋರ್ಡು ಕಂಡರೆ ಒಳಗೇ ಹೋಗಿಬಿಡಿ.

ಚಲನ್ ಬಂದ ಮೇಲೆ

ಮಹಾರಾಷ್ಟ್ರದ ಚಲನ್ ನೋಡಲು ಮಹಾ ಟ್ರಾಫಿಕ್ ಆ್ಯಪ್ ಇದೆ, ಇಲ್ಲವೇ ರಾಜ್ಯ ಪೊಲೀಸರ ಇ-ಚಲನ್ ಜಾಲತಾಣ. ಗಾಡಿ ನಂಬರ್, ಜೊತೆಗೆ ಚಾಸಿ ಅಥವಾ ಎಂಜಿನ್ ನಂಬರಿನ ಕೊನೆಯ ನಾಲ್ಕು ಅಂಕಿ ಹಾಕಬೇಕು. ಕಟ್ಟುವ ಮುಂಚೆ ಫೋಟೋ ತೆರೆದು ನೋಡಿ. ಗಾಡಿ ನಿಮ್ಮದೇನಾ? ಬಣ್ಣ ಅದೇನಾ? ಆ ಹೊತ್ತಿಗೆ ನೀವು ಅಲ್ಲಿದ್ದಿರಾ? ನನ್ನ ಸಹೋದ್ಯೋಗಿಯ ಕಾರಿನ ಹೆಸರಿಗೆ ಯಾರದೋ ಸ್ಕೂಟಿಯ ಫೋಟೋ ಬಂದಿತ್ತು, 8 ಅನ್ನುವುದನ್ನು 3 ಅಂತ ಒತ್ತಿದ್ದರು. ಅದೇ ಆ್ಯಪ್‌ನಲ್ಲಿ ತಕರಾರು ಹಾಕಬಹುದು, ಟ್ರಾಫಿಕ್ ಶಾಖೆಯ ಕಚೇರಿಗೂ ಹೋಗಬಹುದು. ತಪ್ಪು ಚಲನ್ನನ್ನು ಬೇಗ ಮುಗಿಸೋಣ ಅಂತ ಕಟ್ಟಿಬಿಟ್ಟರೆ ಆಮೇಲೆ ತಕರಾರಿಗೆ ಬಲ ಇರುವುದಿಲ್ಲ. ಸರಿಯಾದ ಚಲನ್ ಆದರೆ ಕಟ್ಟಿ ಮುಗಿಸಿ.

ಈಗ ಜಾಸ್ತಿ ಹುಷಾರಾಗಿ ಇರಬೇಕಾದ ವಿಷಯ. ವಾಟ್ಸಾಪ್‌ನಲ್ಲಿ ಟ್ರಾಫಿಕ್ ಪೊಲೀಸರ ಚಿತ್ರ ಹಾಕಿಕೊಂಡ ಒಂದು ನಂಬರಿನಿಂದ "ನಿಮ್ಮ ಚಲನ್ ನೋಡಲು ಇದನ್ನು ತೆರೆಯಿರಿ" ಅಂತ ಒಂದು ಫೈಲ್ ಬರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತ ಇರುತ್ತದೆ, ಅಂದರೆ ಅದೊಂದು ಆ್ಯಪ್. ಮುಟ್ಟಬೇಡಿ. ಅದನ್ನು ಫೋನಿಗೆ ಹಾಕಿಕೊಂಡರೆ ನಿಮ್ಮ ಮೆಸೇಜುಗಳು, ಓಟಿಪಿಗಳು ಅವರ ಕೈಗೆ ಹೋಗುತ್ತವೆ, ಖಾತೆ ಖಾಲಿ. ಪೊಲೀಸರು ಹೀಗೆ ಆ್ಯಪ್ ಕಳಿಸುವುದಿಲ್ಲ. ಲಿಂಕ್ ಬಂದರೂ ಅದನ್ನು ಒತ್ತದೆ, ನೀವೇ ಜಾಲತಾಣದ ಹೆಸರು ಟೈಪ್ ಮಾಡಿ ಹೋಗಿ. ಚಲನ್ ಕಟ್ಟುವ ಸರ್ಕಾರಿ ತಾಣದ ಹೆಸರು ಗವ್ ಡಾಟ್ ಇನ್ ಅಂತ ಮುಗಿಯುತ್ತದೆ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡಿದರೆ ಅಷ್ಟು ವಾಪಸ್ ಸಿಗುವ ಸಾಧ್ಯತೆ.

ಕೆಎ ನಂಬರ್ ಗಾಡಿ ಇಟ್ಟುಕೊಂಡ ನಮ್ಮಂಥವರಿಗೆ ಒಂದು ವಿಶೇಷ ತೊಂದರೆ ಇದೆ. ಚಲನ್ ಮೆಸೇಜ್ ಹೋಗುವುದು ಆರ್‌ಸಿ ಜೊತೆ ನೋಂದಾಯಿಸಿದ ಮೊಬೈಲಿಗೆ. ಗಾಡಿ ತೆಗೆದುಕೊಂಡಾಗ ಶೋರೂಮಿನವರು ಯಾವ ನಂಬರ್ ಹಾಕಿದ್ದರೋ ಅದು. ನನ್ನ ಕೆಎ 25 ಕಾರಿಗೆ ಇದ್ದದ್ದು ಅಪ್ಪನ ನಂಬರು. ಹೀಗಾಗಿ ಪುಣೆಯಲ್ಲಿ ನನಗೆ ಬಿದ್ದ ಮೊದಲ ಚಲನ್ ಧಾರವಾಡದಲ್ಲಿ ಅಪ್ಪನಿಗೆ ಮುಟ್ಟಿತು. ಅವರು ಅದನ್ನು ಬ್ಯಾಂಕಿನ ಮೆಸೇಜ್ ಅಂದುಕೊಂಡು ಬಿಟ್ಟಿದ್ದರು. ಎರಡನೆಯದಕ್ಕೆ ಪಕ್ಕದ ಮನೆ ಹುಡುಗನ ಹತ್ತಿರ ಓದಿಸಿ ನನಗೆ ಫೋನ್ ಮಾಡಿದರು. "ಏನೋ, ಆಫೀಸ್‌ನ್ಯಾಗ ಇದೀನಿ ಅಂದಿದ್ದಿ, ಮಧ್ಯಾಹ್ನ ಮೂರಕ್ಕ ಲಕ್ಷ್ಮಿ ರೋಡಿನ್ಯಾಗ ಏನ್ ಮಾಡಾಕತ್ತಿದ್ದಿ?"

ಕೇಂದ್ರ ಸಾರಿಗೆ ಸಚಿವಾಲಯದ ಪರಿವಾಹನ ಜಾಲತಾಣದಲ್ಲಿ ಮೊಬೈಲ್ ನಂಬರ್ ಬದಲಿಸುವ ಅವಕಾಶ ಇದೆ. ನೋಂದಣಿ ಸಂಖ್ಯೆ, ಚಾಸಿ ನಂಬರ್, ಎಂಜಿನ್ ನಂಬರ್ ಕೈಲಿಟ್ಟುಕೊಂಡು ಕೂತರೆ ಕೆಲಸ ಬೇಗ ಆಗುತ್ತದೆ. ಅಂದ ಹಾಗೆ, ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು ಅಂತ ಕಾಯ್ದೆ ಇದೆ. ನೋ ಪಾರ್ಕಿಂಗ್ ಚಲನ್ ಮೇಲೆ ಮಾತು ಬೆಳೆಸಿದಾಗ ಈ ವಿಷಯವೂ ಎದ್ದು ಬರಬಹುದು. ಆಗ ನೀವು ಪುಣೆಗೆ ಯಾವಾಗ ಬಂದಿರಿ ಅಂತ ತೋರಿಸಲು ಟೋಲ್ ರಸೀದಿಯೋ ಬಾಡಿಗೆ ಕರಾರೋ ಕೈಯಲ್ಲಿ ಇರಲಿ. ನನ್ನದು ಈಗ ಎಂಎಚ್ 14 ಆಗಿದೆ, ಮೆಸೇಜ್ ನನಗೇ ಬರುತ್ತದೆ, ಅಪ್ಪ ಮಾತ್ರ ಈಗಲೂ ಫೋನ್ ಮಾಡಿದಾಗ ಗಾಡಿ ಎಲ್ಲಿ ನಿಲ್ಲಿಸೀದಿ ಅಂತ ಮೊದಲು ಕೇಳುತ್ತಾರೆ.